ಚಿಕ್ಕಣ್ಣನ ಪಾಲಿನ ತಮಟೆ

"ಲೇ ಕೆಂಚ, ಒಂದು ತಮಟೆ ಬಡಿಯಾಕೆ ನಿನ್ನ ಕಾಲು ಹಿಡೀಬೇಕೇನ್ಲಾ, ಬೋಳಿಮಗ್ನೆ? ಸನ್ಮಾನ ನಿಮ್ಮೋರಿಗೇ ಕಣೋ!"

ಜವರಣ್ಣನವರ ಸನ್ಮಾನ ಸಮಿತಿಯ ಚನ್ನಪ್ಪಗೌಡರು ಬೈಕಿನಿಂದ ಇಳಿಯದೆಯೇ ಕೂಗಿದರು. ನಮ್ಮ ಕೇರಿಯಲ್ಲಿ ಅವರ ಕಾಲು ನೆಲ ಮುಟ್ಟಿದ್ದನ್ನು ಯಾರೂ ಕಂಡಿಲ್ಲ.

"ತಮಟೆ ಬ್ಯಾಡ ಅಂದಿದ್ದೇ ಜವರಣ್ಣ, ಗೌಡ್ರೇ," ಅಂದ ಕೆಂಚಪ್ಪ.

"ಈಗ ಅವ್ರೇ ಬೇಕು ಅಂದವ್ರೆ. ಸಂಸ್ಕೃತಿ ಅಂತೆ."

ಜವರಣ್ಣ ಹಳೇಬೀಡಿನ ಇದೇ ಕೇರಿಯಲ್ಲಿ ಹುಟ್ಟಿ, ಮೈಸೂರಿಗೆ ಹೋಗಿ ಚಿಂತಕರಾದವರು. ಚಿಂತನೆ ಬೆಳೆಯುತ್ತಲೇ ಇರಬೇಕಂತೆ. ತೊಂಬತ್ತನೇ ಇಸವಿಯಲ್ಲಿ, ಇದು ಗುಲಾಮಗಿರಿಯ ಸದ್ದು ಎಂದು ಕೇರಿಯ ತಮಟೆಗಳನ್ನೆಲ್ಲ ಸುಡಿಸಿದರು. ಆಮೇಲೆ ತಮಟೆಯೇ ನಮ್ಮ ಅಸ್ಮಿತೆ ಎಂದು ಪುಸ್ತಕ ಬರೆದರಂತೆ. ಪುಸ್ತಕ ಕೇರಿಯವರೆಗೆ ಬರಲಿಲ್ಲ. ಈಗ, ಎರಡು ಸಾವಿರದ ನಾಲ್ಕರಲ್ಲಿ, ಅದು ಸಾಮರಸ್ಯದ ನಾದ. ಗೌಡರಿಗೆ ಈ ಕೊನೆಯದು ಬಹಳ ಹಿಡಿಸಿತ್ತು.

ಸುಟ್ಟ ದಿನ ನಾವೂ ಕುಣಿದಿದ್ದೆವು, ಸುಳ್ಳು ಹೇಳಬಾರದು. ಕುಣಿಯದವನು ಕೆಂಚಪ್ಪನ ಅಪ್ಪ ಚಿಕ್ಕಣ್ಣ ಒಬ್ಬನೇ. ಸುತ್ತಮುತ್ತ ಅವನಂಥ ತಮಟೆಯವನು ಇರಲಿಲ್ಲ. ಮರುವರ್ಷ ಸಾಯುವಾಗ ಮಗನ ಕೈ ಹಿಡಿದ.

"ಊರ ಹೆಣಗಳನ್ನೆಲ್ಲ ತಮಟೆ ಬಡ್ದು ಕಳಿಸ್ದೋನು ಕಣ್ಲಾ ನಾನು. ನನ್ನ ಮೂಗನ ಹಂಗೆ ಕಳಿಸ್ಬ್ಯಾಡ."

ಹೆಣ ಎತ್ತುವ ಹೊತ್ತಿಗೆ ಜವರಣ್ಣ ಬಂದು ನಿಂತರು. "ಇವತ್ತು ನೀನು ಬಡಿದ್ರೆ ನಾಳೆ ಗೌಡ ಎಲ್ಲರನ್ನೂ ಕರೀತಾನೆ, ಕೆಂಚ."

ಕೆಂಚಪ್ಪ ಮಾತು ಕೇಳಿದ. ಕೆರೆಯಂಚಿನ ಮಸಣದವರೆಗೆ ಬರೀ ಕಾಲಸದ್ದು. ಅಂದಿನಿಂದ ಅವನು ಯಾರ ಮಣ್ಣಿಗೂ ಹೋದವನಲ್ಲ.

ಬೆಂಕಿಯಲ್ಲಿ ಚಿಕ್ಕಣ್ಣನ ತಮಟೆಯ ಚರ್ಮ ಹೋಗಿತ್ತು, ಕಬ್ಬಿಣದ ಬಳೆ ಉಳಿದಿತ್ತು. ಗೌಡರ ಬೈಕು ಮರೆಯಾದ ಮೇಲೆ ತಾಯಿ ದೇವೀರಮ್ಮ ಅದನ್ನು ಅಟ್ಟದಿಂದ ಇಳಿಸಿ ಮಗನ ಮುಂದೆ ಇಟ್ಟಳು.

"ಚರ್ಮ ಬಿಗಿಸ್ಕೊಂಡು ಹೋಗಿ ಬಡಿ. ಯಾರಿಗೆ ಅಂತ ನಿಂಗೊತ್ತಲ್ಲ."

ಮೆರವಣಿಗೆಯ ದಿನ ಬಸ್ ಸ್ಟ್ಯಾಂಡಿನ ಹತ್ತಿರ ತೆರೆದ ಜೀಪು. ಅದರಲ್ಲಿ ಪೇಟ, ಹಾರ, ಜವರಣ್ಣ. ಕೆಂಚಪ್ಪ ತೆಂಗಿನಗರಿಯ ಬೆಂಕಿಗೆ ತಮಟೆ ಕಾಯಿಸಿ, ಜೀಪಿನ ಮುಂದೆ ನಿಂತು ಬಡಿದ.

ಮುದುಕಿಯರು ಬಾಗಿಲಿಗೆ ಬಂದರು. "ಯಾರು ಹೋದ್ರವ್ವಾ?" ಅಂಗಡಿಯವರು ಅಭ್ಯಾಸದಂತೆ ಅರ್ಧ ಷಟರ್ ಎಳೆದರು.

"ಸಾವಿನ ಬಡ್ತ ಬಡೀತಿಯೇನ್ಲಾ ಮುಂಡೇಮಗ್ನೆ! ನಿಲ್ಸೋ!" ಗೌಡರು ನುಗ್ಗಿದರು. ನಾವು ಅಡ್ಡ ನಿಂತೆವು.

ಜವರಣ್ಣ ಜೀಪಿನಿಂದ ಬಾಗಿದರು. ಮೈಸೂರಿನ ಕನ್ನಡ ಬಾಯಿಗೆ ಬರಲಿಲ್ಲ. "ಯಾರುದ್ಲಾ ಕೆಂಚ? ನಂದಾ?"

"ನಿಮ್ದಲ್ಲಣ್ಣ. ನಮ್ಮಪ್ಪಂದು. ಅವತ್ತು ನೀವು ಬ್ಯಾಡ ಅಂದ್ರಲ್ಲ, ಅದು."

ಜವರಣ್ಣ ಪೇಟ ತೆಗೆದು ಸೀಟಿನ ಮೇಲಿಟ್ಟು ಇಳಿದರು. ತಮಟೆಯ ಹಿಂದೆ ತಲೆ ತಗ್ಗಿಸಿ ನಡೆದರು.

"ಸಾರ್, ಹತ್ತಿ ಸಾರ್, ಎಮ್ಮೆಲ್ಲೆ ಕಾಯ್ತವ್ರೆ," ಗೌಡರು ಗೋಗರೆದರು.

ಚೌಕದಲ್ಲಿ ದಾರಿ ಒಡೆಯುತ್ತದೆ. ಒಂದು ಸಮುದಾಯ ಭವನಕ್ಕೆ, ಇನ್ನೊಂದು ಕೆರೆಗೆ. ಭವನದ ಮೈಕಿನಲ್ಲಿ ಆಗಲೇ ಜವರಣ್ಣನವರ ಬಿರುದುಗಳನ್ನು ಓದುತ್ತಿದ್ದರು. ಕೆಂಚಪ್ಪ ಕೆರೆಯ ಕಡೆ ತಿರುಗಿದ. ಹಿಂದೆ ದೇವೀರಮ್ಮ, ಅವಳ ಹಿಂದೆ ನಾವು.

ಸ್ವಲ್ಪ ದೂರ ಹೋಗಿ ತಿರುಗಿ ನೋಡಿದೆವು. ಹೆಣ ದಾಟುವವರೆಗೆ ಷಟರ್ ಎತ್ತುವ ರೂಢಿ ನಮ್ಮೂರಲ್ಲಿಲ್ಲ. ಹಾರ ಹಾಕಿಕೊಂಡ ಜವರಣ್ಣ ಇನ್ನೂ ಚೌಕದ ನಡುವೆಯೇ ನಿಂತಿದ್ದರು. ಅವರು ದಾಟಲೆಂದು ಅಂಗಡಿಯವರು ಕಾಯುತ್ತಿದ್ದರು.