ಕಲ್ಲಚ್ಚಿನ ಕಲ್ಲಮ್ಮ

ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ವರ್ಷಾನುಗಟ್ಟಲೆ ಅಚ್ಚಿನ ಕಲ್ಲುಗಳನ್ನು ಎತ್ತಿ ಇಳಿಸಿ ವಾಲಿಹೋಗಿದ್ದ ಆ ಭುಜವನ್ನು ಮುಂದೆ ಮಾಡಿಕೊಂಡು, ಯಾರನ್ನೋ ತಳ್ಳಿಕೊಂಡು ಹೋಗುವವರಂತೆ ಅವರು ವಿಶ್ವವಿದ್ಯಾಲಯದ ಮೊಗಸಾಲೆಯಲ್ಲಿ ನಡೆದು ಬರುತ್ತಿದ್ದರೆ, ಎದುರಾದ ಅಧಿಕಾರಿಗಳು ತಾವಾಗಿಯೇ ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ವಿದ್ಯಾರ್ಥಿಗಳು ಅವರಿಗಿಟ್ಟ ಹೆಸರು ಕಲ್ಲಮ್ಮ. ಅದು ಕಿವಿಗೆ ಬಿದ್ದಾಗ, "ಅಮ್ಮ ಯಾಕೆ? ಕಲ್ಲು ಅಂದ್ರೆ ಸಾಕು" ಎಂದಿದ್ದರಂತೆ.

ಕಲ್ಲಚ್ಚು ಅವರ ವಿದ್ಯೆ. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಮಸಿಯುಣಿಸಿ, ಕಾಗದಕ್ಕೆ ಒತ್ತುವುದು. ಬೇಕಾದಷ್ಟು ಪ್ರತಿ ತೆಗೆದಮೇಲೆ ಕಲ್ಲನ್ನು ಉಜ್ಜಿ, ಅಳಿಸಿ, ಮುಂದಿನವರಿಗೆ ಬಿಟ್ಟುಕೊಡುವುದು. ಪಕ್ಕದ ಸಾಹಿತ್ಯ ವಿಭಾಗದಲ್ಲಿ ಪಾಠ ಹೇಳುತ್ತಿದ್ದ ನಾನು ಬಿಡುವಾದಾಗಲೆಲ್ಲ ಅವರು ಇದನ್ನು ಕಲಿಸುತ್ತಿದ್ದ ಕೋಣೆಗೆ ಹೋಗಿ ಕೂರುತ್ತಿದ್ದೆ. ಅವರದು ಮೊಣಕೈ ತನಕ ಮಸಿಯಾದ ಬೂದು ಕೋಟು, ಗುಂಡಿಯಿರಬೇಕಾದಲ್ಲಿ ಒಂದು ತುಂಡು ತಂತಿ, ಮಾತಿಗೊಮ್ಮೆ "ಅದಿರ್ಲಿ". ಹೊಗಳಿಕೆಯನ್ನೂ ಬೈಗುಳವನ್ನೂ ಆ ಒಂದೇ ಮಾತಿನಿಂದ ಪಕ್ಕಕ್ಕೆ ಸರಿಸುತ್ತಿದ್ದರು.

ಬಸ್ಸಿನ ಸೀಟಿನಲ್ಲಿ ಬಾಯ್ದೆರೆದು ನಿದ್ದೆಹೋದ ತಮ್ಮ ಅಕ್ಕನ ಚಿತ್ರಕ್ಕೆ ಅವರಿಗೆ ಅಂತರರಾಷ್ಟ್ರೀಯ ಪ್ರದರ್ಶನವೊಂದರಲ್ಲಿ ಮೊದಲ ಬಹುಮಾನ ಬಂತು. ವಿಶ್ವವಿದ್ಯಾಲಯಕ್ಕೆ ಒಮ್ಮೆಲೇ ಅವರ ನೆನಪಾಯಿತು. ಹೆಬ್ಬಾಗಿಲಲ್ಲಿ ಫಲಕದ ಮೇಲೆ ಅವರ ಮುಖ ಆಳೆತ್ತರಕ್ಕೆ ನಿಂತಿತು. ಕುಲಪತಿಗಳು ಸಭೆ ಕರೆದು, ಸೃಜನಶೀಲ ಕಲೆಗಳ ಅಧ್ಯಾಪಕರ ಸಾಧನೆಗಳಿಗೆಂದೇ ಭವ್ಯವಾದ ಪ್ರದರ್ಶನಾಂಗಣ ಮಾಡುವುದಾಗಿ ಸಾರಿದರು. ಅದಕ್ಕೆ ಆರಿಸಿದ ಜಾಗ ಕಲ್ಲಚ್ಚಿನ ಕೋಣೆ! ಅಚ್ಚಿನ ಯಂತ್ರ ಉಗ್ರಾಣಕ್ಕೆ, ಬಹುಮಾನ ಬಂದ ಚಿತ್ರದ ಕಲ್ಲು ಗಾಜಿನ ಪೆಟ್ಟಿಗೆಗೆ.

"ಹಾಗಾದ್ರೆ ಮಕ್ಕಳು ಎಲ್ಲಿ ಕೆಲಸ ಮಾಡ್ಬೇಕು ಸರ್?" ಎಂದು ಇವರು ಎದ್ದು ಕೇಳಿದರು.

"ಸ್ವಲ್ಪ ದಿನ ಪುಸ್ತಕದಲ್ಲೇ ಪಾಠ ಮಾಡಿ ಮೇಡಂ. ನಿಮ್ಮ ಗೌರವಕ್ಕೇ ತಾನೆ ಇದೆಲ್ಲ?"

ಆ ದಿನ ಅವರು "ಅದಿರ್ಲಿ" ಅನ್ನಲಿಲ್ಲ.

ಮರುದಿನ ಕಲ್ಲು ಒಯ್ಯಲು ಕುಲಸಚಿವರೇ ಆಳುಗಳೊಂದಿಗೆ ಬಂದಾಗ ನಾನೂ ಅಲ್ಲಿದ್ದೆ. ಚಿತ್ರ ಇನ್ನೂ ಕಲ್ಲಿನ ಮೇಲಿತ್ತು. ಇವರು ಅದರ ಮೇಲೆ ನೀರು ಚೆಲ್ಲಿ, ಮರಳು ಉದುರಿಸಿ, ಇನ್ನೊಂದು ಕಲ್ಲನ್ನು ಕವುಚಿಟ್ಟು ಉಜ್ಜತೊಡಗಿದರು. ಕರಕರ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು. ಬೂದು ರಾಡಿಯಲ್ಲಿ ಮೊದಲು ಅಕ್ಕನ ಕೂದಲು ಹೋಯಿತು, ಆಮೇಲೆ ಬಾಯಿ.

"ಏನ್ ಮಾಡ್ತಿದೀರಿ ಮೇಡಂ? ಅದು ಯೂನಿವರ್ಸಿಟಿ ಆಸ್ತಿ" ಎಂದರು ಕುಲಸಚಿವರು.

"ಕಲ್ಲು ನಿಮ್ದೇ, ತಗೊಂಡ್ಹೋಗಿ. ಚಿತ್ರ ನಮ್ಮಕ್ಕಂದು. ಅವಳು ಪೆಟ್ಟಿಗೇಲಿ ಕೂರೋಳಲ್ಲ."

ಹಾಗೆಂದು ಇನ್ನೊಂದು ಹಿಡಿ ಮರಳು ಉದುರಿಸಿದರು.

ಕೋಣೆ ಹೋಗಿಯೇ ಹೋಯಿತು. ಅಶಿಸ್ತಿನ ಆರೋಪ ಹೊರಿಸಿ ಬಡ್ತಿಯನ್ನೂ ತಡೆದರು. ಹೆಬ್ಬಾಗಿಲಿನ ಮುಖವನ್ನು ಮಾತ್ರ ಇಳಿಸಲಿಲ್ಲ. ಅದರಿಂದ ಸಂಸ್ಥೆಯ ಕೀರ್ತಿ ಏರುತ್ತಿತ್ತಲ್ಲ! ಈಗ ಅವರು ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ, ಸೂರು ತಲೆಗೆ ತಾಗದಂತೆ ಬಗ್ಗಿ ಕೂತು, ವಿದ್ಯಾರ್ಥಿಗಳಿಗೆ ಕಲ್ಲು ಉಜ್ಜುವುದನ್ನು ಕಲಿಸುತ್ತಾರೆ.

ಇಂಥವರನ್ನು ನಾವು ಹೊಂದಿಕೊಳ್ಳಲಾರದವರು, ಸಿಡುಕರು ಎಂದು ಕರೆದು ಕೈತೊಳೆದುಕೊಳ್ಳುತ್ತೇವೆ. ಸಾಧನೆ ಅವರ ಪಾಲಿಗೆ ಮುಗಿದ ಮಾತು. ನಾಳೆಯ ಕೆಲಸಕ್ಕೊಂದು ಜಾಗ ಬೇಕೆಂಬುದಷ್ಟೇ ಅವರ ಹಠ. ಆ ಜಾಗವನ್ನೇ ಕಸಿದುಕೊಂಡು ಅದರಲ್ಲಿ ತಮ್ಮನ್ನು ಸನ್ಮಾನಿಸಲು ಬರುವವರ ಎದುರು ಅವರು ಸಿಡಿಯದೆ ಇನ್ನೇನು ಮಾಡಬೇಕು?