ಪರಂಗಿಹಣ್ಣಿನ ಮೇಲೆ ತೆಂಗಿನ ಮರ

ಅವರೆಕಾಯಿ ಕಾಲ. ಬೆಳಿಗ್ಗೆ ಎಂಟಾದರೂ ಹಾರನಹಳ್ಳಿಯಲ್ಲಿ ಮಂಜು ಬಿಟ್ಟಿರಲಿಲ್ಲ. ಲಕ್ಕಪ್ಪ ಜಗಲಿಯ ಮೇಲೆ ಅವರೆ ಸುಲಿಯುತ್ತಾ ಕೂತಿದ್ದಾಗ ತಂಗಿಯ ಮೊಮ್ಮಗಳು ಲತಾಮಣಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದಳು. ಅತ್ತು ಕಣ್ಣು ಕೆಂಪಾಗಿತ್ತು.

ತೆಂಗು ಬೆಳೆಗಾರರ ಸಂಘದ ವೆಬ್‌ಸೈಟು ಅವಳ ಮೊದಲ ಕೆಲಸ. ಮೂವತ್ತು ವರ್ಷದ ಹಿಂದೆ ಲಕ್ಕಪ್ಪ ಸಂಘದ ಬೋರ್ಡಿನ ಮೇಲೆ ಬರೆದಿದ್ದ ತೆಂಗಿನ ಮರವನ್ನೇ ಪುಟ್ಟ ಐಕಾನು ಮಾಡಿದ್ದಳು. ಕಾರ್ಯದರ್ಶಿ ಶಿವಕುಮಾರ್ ಎರಡು ಸಲ ಬೇಡವೆಂದಿದ್ದರು.

"ಪ್ಲಾಸ್ಟಿಕ್ ಗಿಡ ಇದ್ದಂಗೈತೆ ಅಂದ್ರು ತಾತ. ಶುಕ್ರವಾರ ಹಾಸನದಿಂದ ಇನ್ನೊಬ್ಬರನ್ನ ಕರೆಸ್ತಾರಂತೆ. ಇವತ್ತಾಗ್ಲೇ ಬುಧವಾರ."

"ಅದಕ್ಯಾಕೆ ಅಳ್ತೀಯೆ? ಎಲ್ಲಿ, ತೋರ್ಸು."

ಲಕ್ಕಪ್ಪ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದ. ಮೇಲೆ ಹಳದಿ, ಕೆಳಗೆ ಹಸಿರು, ಬಣ್ಣವೇನೋ ತನ್ನದೇ. ಆದರೆ ಎಂಟು ಗರಿಯಲ್ಲೂ ಹಳದಿ ಮತ್ತೆ ಮೊದಲಿನಿಂದ ಶುರುವಾಗಿತ್ತು.

"ಮರಕ್ಕೆಲ್ಲ ಬಿಸಿಲು ಬೀಳೋದು ಒಂದೇ ಕಡೆಯಿಂದ ಕಣವ್ವ. ನೀನು ಗರಿಗೊಂದು ಸೂರ್ಯನ್ನ ಹುಟ್ಸಿದೀಯಲ್ಲ!"

"ಚಿತ್ರದ ಕೋಡು, ಎಸ್‌ವಿಜಿಲಿ ಒಂದೊಂದು ಗರಿನೂ ಬೇರೆ ಬೇರೆ ಬರ್ದಿದೀನಿ ತಾತ. ಬಣ್ಣದ ಕೋಡು ಸಿಎಸ್‌ಎಸ್‌ನಲ್ಲಿ ಎಲ್ಲಕ್ಕೂ ಹಳದಿಯಿಂದ ಹಸಿರಿಗಿಳಿಯೋ ಒಂದೇ ಗ್ರೇಡಿಯಂಟ್ ಕೊಟ್ಟೆ. ಪ್ರತಿ ಗರಿನೂ ಅದನ್ನ ತನ್ನಳತೆಗೆ ಎಳ್ಕೊಳ್ಳುತ್ತೆ. ನೀವು ಗರಿಗೆ ಹೆಂಗೆ ಬಣ್ಣ ಹಚ್ತಿದ್ರಿ?"

"ಗರಿಗೆ ನಾ ಯಾವತ್ತು ಹಚ್ದೆ? ಹೋಗು, ಕತ್ತರಿ ತಗಂಡ್ ಬಾ."

ಹಳೇ ಪೇಪರಿನಲ್ಲಿ ತೆಂಗಿನ ಮರದ ಆಕಾರವನ್ನು ಕತ್ತರಿಸಿ ತೆಗೆದ. ಒಂದು ಗರಿ ಸೊಟ್ಟಗಾಯಿತು. ಮೂಲೆಯಲ್ಲಿ ಅರೆಹಣ್ಣಾದ ಪರಂಗಿಯಿತ್ತು, ತುದಿ ಹಳದಿ, ತೊಟ್ಟಿನ ಕಡೆ ಇನ್ನೂ ಹಸಿರು. ಅದರ ಮೇಲೆ ಪೇಪರು ಹೊದಿಸಿದ. ತೂತಿನಲ್ಲಿ ಕಂಡ ಮರದ ತಲೆಯಿಂದ ಬುಡದವರೆಗೆ ಬಣ್ಣ ಒಂದೇ ಓಟದಲ್ಲಿ ಇಳಿದಿತ್ತು.

"ಮೊದ್ಲು ಬೋರ್ಡಿನ ತಗಡಿಗೆಲ್ಲ ಹಳದಿಯಿಂದ ಹಸಿರಿಗೆ ಬಣ್ಣ ಎಳೀತಿದ್ದೆ, ಹಸಿ ಇರೋವಾಗ್ಲೇ. ಒಣಗಿದ ಮ್ಯಾಲೆ ಸುತ್ತ ನೀಲಿ ಬಳಿದು ಗರಿ ಬಿಡಿಸ್ತಿದ್ದೆ."

ಲತಾಮಣಿ ಪರಂಗಿಯ ಮೇಲಿನ ಪೇಪರನ್ನು ಎತ್ತಿ, ಮತ್ತೆ ಹೊದಿಸಿ ನೋಡಿದಳು. ಆಮೇಲೆ ಬಣ್ಣದ ಅಳತೆಯನ್ನು ಗರಿಗಳಿಂದ ಬಿಡಿಸಿ ಇಡೀ ಚಿತ್ರಕ್ಕೆ ಕಟ್ಟಿದಳು. ಕೋಡಿನಲ್ಲಿ ಎರಡೇ ಸಾಲು ಬದಲಾದದ್ದು. ಪರದೆಯ ಮೇಲಿನ ಮರಕ್ಕೆ ಒಂದೇ ಬೆಳಗಾಯಿತು.

"ತಾತ! ನೋಡಿಲ್ಲಿ!"

"ನೋಡ್ದೆ. ಈಗ ಅವರೆ ಸುಲಿ ಬಾ. ಪುಗಸಟ್ಟೆ ಕಲಿಸ್ತೀನಾ?"

ಎರಡು ದಿನ ಕಳೆದು ಶಿವಕುಮಾರ್ ಸಂಘದ ಬಾಗಿಲಲ್ಲಿ ನಿಂತು, ಮೊಬೈಲನ್ನು ತೋಳುದ್ದ ಹಿಡಿದು ನೋಡಿದರು. ತಲೆಯೆತ್ತಿ ಬೋರ್ಡು ನೋಡಿದರು. "ಇದೇ ಇರ್ಲಿ ಕಣಮ್ಮ. ಮಿಕ್ಕಿದ್ದನ್ನೂ ನೀನೇ ಮಾಡು," ಅಂದರು.

ಹಾಸನದಿಂದ ಬಂದಿದ್ದವರು ಕಾಫಿ ಕುಡಿದು, ಆ ಶುಕ್ರವಾರವೇ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು.