ಹೊರೆಯಿಲ್ಲದ ಸೈಕಲ್ಲು

ಲಾರಿಯ ಹಿಂದೆ ನೇತಾಡುತ್ತಿದ್ದ ಸರಪಳಿ ಎಡಗೈಗೆ ಸಿಕ್ಕಿದ್ದೇ ತಡ, ಕೊಂಡಪ್ಪನ ಸೈಕಲ್ಲು ಹಗುರಾಯಿತು. ತೊಡೆಯೊಳಗಿನ ಉರಿ ಇಳಿಯಿತು. ಅಲ್ಲಿಯವರೆಗೂ ಒಂದೊಂದಾಗಿ ಬಂದು ಅವನನ್ನು ಅಣಕಿಸುತ್ತಿದ್ದ ಹುಣಸೆಮರಗಳು ಸಲೀಸಾಗಿ ಹಿಂದಕ್ಕೆ ಸರಿಯತೊಡಗಿದವು. ಲಾರಿಯ ತುಂಬ ಕಲ್ಲುಚಪ್ಪಡಿ. ಹೊಗೆ ನೇರವಾಗಿ ಮುಖಕ್ಕೆ ರಾಚುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡ.

ಹಿಂದಿನಿಂದ ಜೀಪಿನ ಹಾರನ್ನು ಕೂಗಿತು. ಒಂದು ಸಲವಲ್ಲ, ಬಿಡದೆ.

"ಕೈ ಬಿಡು ಕೊಂಡಪ್ಪ. ಬಿಡು ಅಂದೆ."

ಬಿಟ್ಟ. ಲಾರಿ ತನ್ನ ಪಾಡಿಗೆ ತಾನು ಏದುಸಿರು ಬಿಡುತ್ತ ತಿರುವಿನಲ್ಲಿ ಮರೆಯಾಯಿತು. ರೇಸಿನ ಸೈಕಲ್ಲಿನ ಪೆಡಲಿಗೆ ಪಾದವನ್ನು ತೊಗಲುಪಟ್ಟಿಯಿಂದ ಬಿಗಿದಿರುತ್ತಾರೆ. ಅದನ್ನು ಸಡಿಲಿಸಿ ಕಾಲೂರುವಷ್ಟು ಹೊತ್ತು ಸಿಗಲಿಲ್ಲ. ಸೈಕಲ್ಲಿನ ಸಮೇತ ಎಡಮಗ್ಗುಲಿಗೆ, ಜಲ್ಲಿಯ ಮೇಲೆ, ಗೋಣಿಚೀಲ ಉರುಳಿದ ಹಾಗೆ ಉರುಳಿದ. ಮುಂದೆ ಹೋಗುತ್ತಿದ್ದ ಬಚ್ಚಪ್ಪ ಒಂದು ಕಾಲು ನೆಲಕ್ಕೆ ಕೊಟ್ಟು ತಿರುಗಿ ನೋಡಿದ. ಬಾಗಲೂರಿನ ಈ ಬಚ್ಚಪ್ಪ ಅವನ ಜೊತೆಗಾರ. ಒಂದೇ ಫ್ಯಾಕ್ಟರಿ, ಒಂದೇ ಬಣ್ಣದ ಬನಿಯನ್ನು.

ಜೀಪಿನಿಂದ ಬದರೀನಾಥರು ಇಳಿದರು. ಹೊಸೂರಿನ ಆ ಫ್ಯಾಕ್ಟರಿಯಲ್ಲಿ ಆಳುಗಳನ್ನು ಸೇರಿಸಿಕೊಳ್ಳುವುದು, ತೆಗೆಯುವುದು ಎರಡೂ ಅವರ ಕೈಯಲ್ಲಿತ್ತು. ಸೈಕಲ್ ತಂಡವೂ ಅವರದೇ. ಅವರ ಮನೆತನದಲ್ಲೆಲ್ಲ ಮೇಷ್ಟರುಗಳು. ಬೈಯುವುದನ್ನೂ ಪಾಠ ಹೇಳಿದ ಹಾಗೆ ಹೇಳುತ್ತಿದ್ದರು.

"ಏನಿದು?"

"ಲಾರಿ ಸಾರ್."

"ಅದು ನನಗೂ ಕಾಣ್ತು. ಯಾಕೆ ಹಿಡಿದೆ?"

ಯಾಕೆ ರೆಪ್ಪೆ ಬಡಿದೆ ಎಂದು ಕೇಳಿದರೆ ಏನು ಹೇಳುವುದು? ಕೊಂಡಪ್ಪ ಮೊಣಕಾಲಿಗಂಟಿದ ಜಲ್ಲಿಯನ್ನು ಕೊಡವಿಕೊಂಡ. "ಕೈ ಹೋಗ್ಬುಡ್ತು ಸಾರ್. ಯಾವಾಗ್ಲೂ ಹಂಗೇ ಹತ್ತೋದು."

"ಯಾವಾಗಲೂ ಅಂದ್ರೆ?"

"ಮಾವಿನಕಾಯಿ ಹೊಡೀವಾಗ ಸಾರ್. ಬಸ್ಸಿನ ಸಮಕ್ಕೆ ಹತ್ತೀನಿ ಅಂತ ಹೇಳಿರ್ಲಿಲ್ವಾ ನಿಮ್ಗೆ. ಹಂಗೇ."

ಬದರೀನಾಥರು ನಗುವುದಕ್ಕೆ ಶುರುಮಾಡಿದರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಬೈದಿದ್ದರೆ ಕೊಂಡಪ್ಪ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಈ ನಗುವನ್ನು ಎಲ್ಲಿಡಬೇಕೋ ಅವನಿಗೆ ತಿಳಿಯಲಿಲ್ಲ. ಅದು ಅವನ ಎದೆಯೊಳಗೆ ಹೋಗಿ, ಬಿಸಿ ಹಂಚಿನ ಮೇಲೆ ಬಿದ್ದ ನೀರಿನಂತೆ ಚುರ್ರೆಂದಿತು.

"ಇಷ್ಟು ದಿನ ನನ್ನನ್ನು ಚೆನ್ನಾಗಿ ಆಡಿಸಿದೆಯಪ್ಪ," ಎಂದರು ಬದರೀನಾಥರು. "ಬುದ್ಧಿವಂತ."

ಅವನು ಯಾರನ್ನೂ ಆಡಿಸಿರಲಿಲ್ಲ. ಗುಮ್ಮಳಾಪುರದ ಕೊಂಡಪ್ಪ ಫ್ಯಾಕ್ಟರಿ ಸೇರುವ ಮೊದಲು ನಾಲ್ಕು ಬೇಸಿಗೆ ಘಾಟಿಯ ಕೆಳಗಿನ ತೋಪುಗಳಲ್ಲಿ ಮಾವಿನಕಾಯಿ ಹಿಡಿದು, ಕ್ಯಾರಿಯರಿನ ಮೇಲೆ ಮಕ್ಕರಿ ಕಟ್ಟಿಕೊಂಡು, ರಾಯಕೋಟೆ ಘಾಟಿ ಹತ್ತಿ, ಕೆಲಮಂಗಲ, ತಳಿಯವರೆಗೂ ಮಾರಿಕೊಂಡು ಬಂದವನು. ಅಲ್ಲಿ ಹೊರೆ ಹೊಡೆಯುವವರೆಲ್ಲ ಲಾರಿ ಹಿಡಿದೇ ಹತ್ತುತ್ತಿದ್ದರು. ಡ್ರೈವರು ಗೇರು ಇಳಿಸುವಾಗ ಕ್ಲೀನರು ತಾನೇ ಹಿಂದೆ ಬಗ್ಗಿ ಸರಪಳಿಯನ್ನು ಹೊರಗೆ ಬಿಡುತ್ತಿದ್ದ. ಮೇಲೆ ಹೋದ ಮೇಲೆ ಅವನ ಕೈಗೆ ಎರಡು ಹಣ್ಣು. ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಬೆಂಗಳೂರಿಗೆ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರೆ ಯಾರಾದರೂ ಬಸ್ಸನ್ನು ಕಳೆದು ಲೆಕ್ಕ ಹೇಳುತ್ತಾರೆಯೇ? ಫ್ಯಾಕ್ಟರಿಯಲ್ಲಿ ಬದರೀನಾಥರು ಎಲ್ಲರೆದುರು "ರಾಯಕೋಟೆ ಘಾಟಿ ಯಾರಿಗೆ ಗೊತ್ತು?" ಎಂದಾಗ ಇವನು ಕೈಯೆತ್ತಿದ. ಹೇಗೆ ಹತ್ತುತ್ತೀಯ ಎಂದಾಗ ಬಸ್ಸಿನ ಸಮಕ್ಕೆ ಎಂದ. ಎರಡೂ ನಿಜ. ಮುಂದಿನ ಪ್ರಶ್ನೆಯನ್ನು ಅವರು ಕೇಳಲಿಲ್ಲ.

ಹಾಗೆ ಅವನಿಗೆ ಮೂರು ದಿನದ ರೇಸಿನಲ್ಲಿ ಎರಡನೆಯ ದಿನ ದಕ್ಕಿತು. ರೇಸು ನಾಳೆಯಿಂದ, ಇವತ್ತಿನದು ಬರೀ ತಾಲೀಮು. ಬೆಳಿಗ್ಗೆ ಕೃಷ್ಣಗಿರಿಯಲ್ಲಿ, ಜೀಪಿನ ಮೂತಿಯ ಮೇಲೆ ಮ್ಯಾಪು ಹಾಸಿ ಬದರೀನಾಥರು ಮತ್ತೊಮ್ಮೆ ವಿವರಿಸಿದ್ದರು. ಮೊದಲ ದಿನ ಹೊಸೂರಿಂದ ಕೃಷ್ಣಗಿರಿಗೆ, ಬರೀ ಇಳಿಜಾರು, ಬಯಲು. ಮೂರನೆಯ ದಿನ ಅಂಚೆಟ್ಟಿಯ ಘಾಟಿ, ಅದು ಅಸಲು ಬೆಟ್ಟ. ನಡುವಿನದು ಕೃಷ್ಣಗಿರಿಯಿಂದ ರಾಯಕೋಟೆಗೆ ಹತ್ತಿ, ಕೆಲಮಂಗಲ, ಡೆಂಕಣಿಕೋಟೆ ದಾಟಿ ತಳಿಗೆ ಹೋಗುವುದು. "ಇದು ಬೆಟ್ಟದ ದಿನವೂ ಅಲ್ಲ, ಬಯಲಿನ ದಿನವೂ ಅಲ್ಲ," ಎಂದಿದ್ದರು. "ಕೊಯಮತ್ತೂರಿನವರು, ಬೆಂಗಳೂರಿನವರು ಈ ದಿನ ಬೆವರು ಸುರಿಸೋದಿಲ್ಲ, ಅಂಚೆಟ್ಟಿಗೆ ಉಳಿಸಿಕೊಳ್ತಾರೆ. ಅವರು ತೂಕಡಿಸೋವಾಗ ಘಾಟಿಯಲ್ಲಿ ಒಬ್ಬ ಕಳಚಿಕೊಂಡು ಹೋದರೆ ತಳಿವರೆಗೂ ಹಿಡಿಯೋರಿಲ್ಲ. ಆ ಒಬ್ಬ ನೀನು."

ಆ ಒಬ್ಬನಿಗೆ ಅವರು ಇನ್ನೂ ಒಂದು ಮಾತು ಕೊಟ್ಟಿದ್ದರು. ತಳಿಯಲ್ಲಿ ಮೊದಲು ಬಂದವನಿಗೆ ಫ್ಯಾಕ್ಟರಿಯಲ್ಲಿ ಕೆಲಸ ಪರ್ಮನೆಂಟ್. ಕೊಂಡಪ್ಪ ಮೂರು ವರ್ಷದಿಂದ ಟೆಂಪರವರಿ. ಕೆಲವು ತಿಂಗಳು ಕೆಲಸ, ಆಮೇಲೆ 'ಬ್ರೇಕ್' ಎಂದು ಮನೆಗೆ ಕಳಿಸುವುದು, ಮತ್ತೆ ಹೊಸಬನ ಹಾಗೆ ಸೇರಿಸಿಕೊಳ್ಳುವುದು. ಪ್ರತಿ ಸಲ ಗೇಟಿನಲ್ಲಿ ಹೆಸರು, ಅಪ್ಪನ ಹೆಸರು, ಊರು ಹೇಳಬೇಕು. ಮೂರು ವರ್ಷದಿಂದ ನೋಡಿದ ವಾಚ್‌ಮನ್ನೇ "ಯಾರು ನೀ?" ಎಂದು ತಮಿಳಿನಲ್ಲಿ ಕೇಳುತ್ತಾನೆ. ಅವ್ವ ಪಾಪಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಳು, ನನ್ನ ಮಗ ಸೈಕಲ್ ತುಳಿದು ಪರ್ಮನೆಂಟ್ ಆಗುತ್ತಾನೆ ಎಂದು. ತಳಿಯಿಂದ ಗುಮ್ಮಳಾಪುರ ಎಷ್ಟು ದೂರ? ಊರಿಗೆ ಊರೇ ನೋಡಲು ಬರುತ್ತದೆ.

ಬದರೀನಾಥರು ಕನ್ನಡಕ ಹಾಕಿಕೊಂಡರು. "ಸರಿ. ಲಾರಿ ಇಲ್ಲದೆ ಹತ್ತಿ ತೋರಿಸು. ಇಲ್ಲಿಂದಲ್ಲ, ಕೆಳಗಿಂದ."

ಜೀಪಿನ ಡ್ರೈವರು ಶ್ಯಾಮಣ್ಣ ಸೈಕಲ್ಲನ್ನು ಜೀಪಿಗೆ ಎತ್ತಿ ಹಾಕಲು ಇಳಿದ. ವಯಸ್ಸಾದ ಆಳು. ಹಿಂದೆ ಅವನೂ ಲಾರಿ ಓಡಿಸಿದವನು. ಸೈಕಲ್ಲಿನ ಹಿಂದಿನ ಚಕ್ರವನ್ನು ನೋಡಿದ, ಅದರ ಮೇಲೆ ಕ್ಯಾರಿಯರ್ ಇರಬೇಕಾದ ಖಾಲಿ ಜಾಗವನ್ನು ನೋಡಿದ, ಆಮೇಲೆ ಕೊಂಡಪ್ಪನನ್ನು ನೋಡಿದ.

"ಬರಿಗಾಡೀಲಿ ಲಾರಿ ಹಿಡಿದ್ಯೇನ್ಲಾ," ಎಂದ ಮೆಲ್ಲಗೆ.

ಕೊಂಡಪ್ಪ ಮುಖ ತಿರುಗಿಸಿದ. ಅಷ್ಟು ಹೊತ್ತು ಅವನು ಬದರೀನಾಥರ ಮೇಲೆ ಹಲ್ಲು ಕಡಿಯುತ್ತಿದ್ದ. ಈಗ ಆ ಸಿಟ್ಟು ತಿರುಗಿ ಅವನನ್ನೇ ಕಚ್ಚಿತು. ಘಾಟಿಯಲ್ಲಿ ಒಂದು ಕಟ್ಟುಪಾಡಿತ್ತು, ಯಾರೂ ಕೂತು ಮಾಡಿದ್ದಲ್ಲ. ಹೊರೆ ಇದ್ದವನು ಲಾರಿ ಹಿಡಿಯಬಹುದು. ಬರಿಗಾಡಿಯವನು ತುಳಿಯಬೇಕು. ಹಗುರ ಸೈಕಲ್ಲಿನಲ್ಲಿ ಸರಪಳಿಗೆ ಕೈ ಹಾಕಿದವನನ್ನು ಕ್ಲೀನರು ಮೇಲಿಂದಲೇ ಉಗಿದು ಓಡಿಸುತ್ತಿದ್ದ, ಹೊರೆಯವರು ಅವನ ಜೊತೆ ಒಂದೇ ಬೀಡಿಯ ಬೆಂಕಿ ಹಂಚಿಕೊಳ್ಳುತ್ತಿರಲಿಲ್ಲ. ಕೊಂಡಪ್ಪನೇ ಒಮ್ಮೆ ಅಂಥ ಒಬ್ಬನನ್ನು ಮೋರಿಗೆ ತಳ್ಳಿದ್ದ. ಇವತ್ತು ಅವನ ಬೆನ್ನಿನ ಹಿಂದೆ ಏನಿತ್ತು? ಗಾಳಿ.

ಕೆಳಗೆ, ಮೊದಲ ಸೇತುವೆಯ ಹತ್ತಿರ ಇಳಿಸಿದರು. ಬಚ್ಚಪ್ಪನೂ ಇಳಿದು ಬಂದಿದ್ದ.

"ಮುಂದ್ ಹೋಗು ಬಚ್ಚ, ನೀನು ಎಳಿ, ಅವನು ನಿನ್ನ ಗಾಳಿಮರೆಯಲ್ಲಿ ಹಿಂದೆ ಬರ್ಲಿ," ಎಂದರು ಬದರೀನಾಥರು.

"ಯಾವ ಲಾರಿ ಸಾರ್ ನಾನು, ಅಶೋಕ್ ಲೇಲ್ಯಾಂಡಾ?" ಎಂದ ಬಚ್ಚಪ್ಪ. ಬದರೀನಾಥರು ಮತ್ತೆ ನಕ್ಕರು.

ಕೊಂಡಪ್ಪ ನಗಲಿಲ್ಲ. ಸೈಕಲ್ಲು ಹತ್ತಿದ, ತೊಗಲುಪಟ್ಟಿ ಬಿಗಿದ, ಹೊಡೆದ ಹಾಗೆ ತುಳಿದ. ಮೊದಲ ತಿರುವಿನ ಹೊತ್ತಿಗೆ ಬಚ್ಚಪ್ಪನನ್ನು ದಾಟಿ ಹೋದ. ದಾಟುವಾಗ ಏನೋ ಕೆಟ್ಟ ಮಾತು ಬಾಯಿಗೆ ಬಂದಿತ್ತು. ಅದಕ್ಕೂ ಉಸಿರು ಬೇಕಲ್ಲ, ನುಂಗಿಕೊಂಡ. ಎರಡನೆಯ ತಿರುವಿನಲ್ಲಿ ರಸ್ತೆ ಒಮ್ಮೆಗೇ ಎದ್ದು ನಿಂತಿತು. ನಾಲ್ಕು ಬೇಸಿಗೆ ಹತ್ತಿದ ಘಾಟಿ. ಒಂದು ದಿನವೂ ಅದು ಅವನ ಕಾಲಿಗೆ ತಗುಲಿರಲಿಲ್ಲ. ಈ ಏರು ಇಷ್ಟುದ್ದ ಇದೆಯೆಂದು ಅವನ ಎಡಗೈಗೆ ಗೊತ್ತಿತ್ತು, ತೊಡೆಗೆ ಯಾರೂ ಹೇಳಿರಲಿಲ್ಲ. ಗೇರು ಇಳಿಸಿದ, ಇನ್ನೊಂದು ಇಳಿಸಿದ, ಆಮೇಲೆ ಇಳಿಸಲು ಗೇರೇ ಉಳಿದಿರಲಿಲ್ಲ.

ಬಚ್ಚಪ್ಪ ಪಕ್ಕಕ್ಕೆ ಬಂದ. ಕೂತಲ್ಲೇ, ಬಾಯಿ ಮುಚ್ಚಿಕೊಂಡೇ ತುಳಿಯುತ್ತಿದ್ದ.

"ಮೆತ್ತಗೆ ಕಣ್ಲಾ. ಕಾಲು ಒಡೆದ್ಕೋತೀಯ."

"ನೀ ಹೋಗ್ಲಾ."

"ನಾಳಿದ್ದಿಗೆ ಇಟ್ಕೊಳ್ಲಾ ಸ್ವಲ್ಪ."

"ಹೋಗು ಅಂದ್ನಲ್ಲ."

ಬಚ್ಚಪ್ಪ ಹೋದ. ಅವನ ಬೆನ್ನು ಚಿಕ್ಕದಾಗುತ್ತ ಹೋಗುವುದನ್ನು ನೋಡುತ್ತ ಕೊಂಡಪ್ಪನಿಗೆ ಕೊಲ್ಲುವಷ್ಟು ಕೋಪ ಬಂತು. ಆ ಬೆನ್ನಿನ ಮೇಲೆ, ಆ ಸೂರ್ಯನ ಮೇಲೆ, ಹಿಂದೆ ಇಪ್ಪತ್ತು ಮಾರು ದೂರದಲ್ಲಿ ಹೆಣದ ಹಿಂದೆ ಬರುವಂತೆ ಬರುತ್ತಿದ್ದ ಜೀಪಿನ ಮೇಲೆ. ಕೋಪವನ್ನೇ ತುಳಿದ. ಸ್ವಲ್ಪ ದೂರ ಅದು ನಡೆಯಿತು. ಆಮೇಲೆ ಅದೂ ಮುಗಿಯಿತು. ಐದನೆಯ ತಿರುವಿನಲ್ಲಿ ಚಕ್ರ ನಿಂತೇ ಹೋಯಿತು. ಇಳಿದು ತಳ್ಳಿಕೊಂಡು ನಡೆದ. ಮೇಕೆ ಕಾಯುತ್ತಿದ್ದ ಹೆಂಗಸೊಬ್ಬಳು ಇಷ್ಟು ಚಂದದ ಸೈಕಲ್ಲನ್ನು ತಳ್ಳುತ್ತಿರುವುದು ಯಾಕೆಂದು ತೆಲುಗಿನಲ್ಲಿ ಕೇಳಿದಳು, ಪಂಕ್ಚರಾ ಎಂದಳು. ಅವನು ಹೌದೆಂದ. ಆ ದಿನ ಅವನು ಹೇಳಿದ ಸುಳ್ಳು ಅದೊಂದೇ.

ಹತ್ತು ಮಾರು ನಡೆದು ಮತ್ತೆ ಏರಿದ. ಮತ್ತೆ ನಿಂತ. ಒಂದು ಕಲ್ಲಿನ ಲಾರಿ ಪಕ್ಕದಲ್ಲೇ ತೆವಳುತ್ತ ಹೋಯಿತು. ಕ್ಲೀನರು ಅಭ್ಯಾಸದಂತೆ ಹಿಂದೆ ಬಗ್ಗಿ ನೋಡಿದ, ಹೊರೆ ಕಾಣದೆ ಸರಪಳಿಯನ್ನು ಒಳಕ್ಕೆ ಎಳೆದುಕೊಂಡ. ಕೊಂಡಪ್ಪ ಎರಡೂ ಕೈಯಿಂದ ಹ್ಯಾಂಡಲ್ಲನ್ನು ಕಿತ್ತುಬರುವ ಹಾಗೆ ಹಿಡಿದುಕೊಂಡ. ಹಾಗೆ ಹಿಡಿದುಕೊಂಡೇ, ಇಳಿದು, ಹತ್ತಿ, ಒಂದು ಸಲ ಮೋರಿಯ ಕಟ್ಟೆಯ ಮೇಲೆ ಕೂತು ವಾಂತಿ ಮಾಡಿ, ಮೇಲೆ ಬಂದ.

ರಾಯಕೋಟೆಯ ರೈಲ್ವೇ ಗೇಟಿನ ಹತ್ತಿರದ ಟೀ ಅಂಗಡಿಯಲ್ಲಿ ಬಚ್ಚಪ್ಪ ಆಗಲೇ ಬೋಂಡ ಮುಗಿಸಿ ಬೆಂಚಿನ ಮೇಲೆ ಮಲಗಿದ್ದ. ಕೊಂಡಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸದೆ ನೆಲಕ್ಕೆ ಬಿಟ್ಟ. ಶ್ಯಾಮಣ್ಣ ಒಂದು ಚೊಂಬು ನೀರು ತಂದುಕೊಟ್ಟ.

ಬದರೀನಾಥರು ನಗುವುದನ್ನು ನಿಲ್ಲಿಸಿದ್ದರು. ಅದು ಇನ್ನೂ ಕೆಟ್ಟದಾಗಿತ್ತು. ಟೀ ಲೋಟವನ್ನು ಬೆರಳಲ್ಲಿ ತಿರುಗಿಸುತ್ತ ಗೇಟಿನ ಆಚೆ ಕೋಟೆಯ ಬಂಡೆಯನ್ನು ನೋಡುತ್ತಿದ್ದರು.

"ನಂದು ತಪ್ಪು ಸಾರ್," ಎಂದ ಕೊಂಡಪ್ಪ. "ಬಚ್ಚಂಗೆ ಕೊಡಿ ಎರಡನೇ ದಿನಾನ."

"ಬಚ್ಚ ಅಂಚೆಟ್ಟಿಗೆ ಬೇಕು. ಇಲ್ಲಿ ಅವನನ್ನ ಸವೆಸೋಕಾಗಲ್ಲ." ಅವರು ಸ್ಟೂಲನ್ನು ಹತ್ತಿರ ಎಳೆದುಕೊಂಡರು. ದನಿ ತಗ್ಗಿತು. "ನೋಡು, ನಾನು ಯೋಚನೆ ಮಾಡಿದೆ. ತೀರ್ಪುಗಾರರದ್ದು ಒಂದೇ ಜೀಪು. ಅದು ಯಾವಾಗಲೂ ಮುಂದಿರುತ್ತೆ. ಘಾಟಿಯಲ್ಲಿ ಐದನೇ ತಿರುವಾದ ಮೇಲೆ ಹಿಂದಿನವರಿಗೂ ಕಾಣಲ್ಲ, ಮುಂದಿನವರಿಗೂ ಕಾಣಲ್ಲ. ನಾನೇ ಕೂತು ನೋಡಿದ್ದೀನಿ ಇವತ್ತು."

"ಏನ್ ಸಾರ್?"

"ನಮ್ಮ ಫ್ಯಾಕ್ಟರಿ ಲಾರಿ ಅಲ್ಲಿ ನಿಂತಿರುತ್ತೆ. ಕೆಟ್ಟು ನಿಂತ ಹಾಗೆ. ನೀನು ಬಂದ ಕೂಡಲೇ ಹೊರಡುತ್ತೆ. ನಾಲ್ಕು ತಿರುವು, ಅಷ್ಟೇ. ಮೇಲೆ ಬಿಟ್ಟುಬಿಡು, ಆಮೇಲೆ ತಳಿವರೆಗೂ ನೀನೇ ತುಳಿ. ನಿನಗೆ ಇದು ಹೊಸದೇನಲ್ಲವಲ್ಲ."

ಬಚ್ಚಪ್ಪ ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡೇ ಇದ್ದ, ಆದರೆ ಅವನ ಕಾಲಿನ ಹೆಬ್ಬೆರಳು ಅಲ್ಲಾಡುವುದು ನಿಂತಿತ್ತು. ಶ್ಯಾಮಣ್ಣ ಬೀಡಿ ಹಚ್ಚಲು ಕಡ್ಡಿ ಗೀರಿದವನು ಅದು ಬೆರಳು ಸುಡುವವರೆಗೂ ಹಿಡಿದುಕೊಂಡಿದ್ದ.

"ಹೊರೆ ಇಲ್ದೆ ಹೆಂಗ್ ಸಾರ್ ಹಿಡಿಯೋದು?" ಎಂದ ಕೊಂಡಪ್ಪ.

"ಹೊರೆ ಯಾಕೆ? ಹಗುರ ಇದ್ದಷ್ಟೂ ಒಳ್ಳೇದು."

ಇವರಿಗೆ ಗೊತ್ತಾಗುವುದಿಲ್ಲ. ಗಂಟೆಗಟ್ಟಲೆ ಹೇಳಿದರೂ ಗೊತ್ತಾಗುವುದಿಲ್ಲ. ಮಕ್ಕರಿ, ಹಣ್ಣು, ಕ್ಲೀನರನ ಉಗುಳು, ಮೋರಿಗೆ ಬಿದ್ದವನ ಮುಖ, ಇವೆಲ್ಲ ಇವರ ಮ್ಯಾಪಿನಲ್ಲಿಲ್ಲ. ಇವರ ಕಣ್ಣಿಗೆ ಕೊಂಡಪ್ಪ ಮೊದಲಿಂದಲೂ ಕಳ್ಳ. ಆದ್ದರಿಂದಲೇ ಇಷ್ಟು ಪ್ರೀತಿಯಿಂದ ಮಾತಾಡುತ್ತಿದ್ದಾರೆ. ಮೂರು ವರ್ಷ ಸಾಚಾ ಕೆಲಸ ಮಾಡಿದಾಗ ಒಮ್ಮೆಯೂ ಸ್ಟೂಲನ್ನು ಹತ್ತಿರ ಎಳೆದುಕೊಂಡವರಲ್ಲ.

"ನಿಮ್ಮಮ್ಮ ಬಂದಿದ್ರು ಮೊನ್ನೆ ಗೇಟಿಗೆ," ಎಂದರು ಬದರೀನಾಥರು. "ಪಾಪ. ಕೈ ಮುಗಿದ್ರು. ರೇಸು ಮುಗಿದ ದಿನವೇ ಪರ್ಮನೆಂಟ್. ನನ್ನ ಮಾತು."

"ಅವ್ವನ್ನ ಯಾಕ್ ತತ್ತೀರ ಸಾರ್ ಇದ್ರಾಗೆ?"

"ಕೋಪ ಮಾಡ್ಕೋಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ನೀನು ಇವತ್ತು ಹತ್ತಿದ ಹಾಗೆ ನಾಳಿದ್ದು ಹತ್ತಿದ್ರೆ ಏನಾಗುತ್ತೆ ಗೊತ್ತಾ? ಎಲ್ಲರೂ ತಳಿ ಮುಟ್ಟಿ ಸ್ನಾನ ಮಾಡಿ ಊಟ ಮಾಡಿರ್ತಾರೆ. ನಿಮ್ಮೂರಿನವರ ಎದುರಿಗೆ ನೀನು ಕೊನೆಗೆ ಬರ್ತೀಯ. ತಳ್ಳಿಕೊಂಡು."

"ಬತ್ತೀನಿ."

"ಏನು?"

"ಕೊನೇಗೇ ಬತ್ತೀನಿ. ತಳ್ಕೊಂಡೇ ಬತ್ತೀನಿ."

"ಕೊಂಡಪ್ಪ, ಆಮೇಲೆ ತಂಡದಲ್ಲಿ ನಿನಗೆ ಜಾಗ ಇರಲ್ಲ. ಫ್ಯಾಕ್ಟರಿಯಲ್ಲೂ ಈ ಸಲ ಬ್ರೇಕ್ ಕೊಟ್ಟ ಮೇಲೆ ಮತ್ತೆ ಕರೀತೀನಿ ಅಂತ ಹೇಳಲಾರೆ. ಸರಿಯಾಗಿ ಯೋಚನೆ ಮಾಡು. ಲಾರಿ ನಿಲ್ಲಿಸಲಾ?"

ಕೊಂಡಪ್ಪ ಎದ್ದು ನಿಂತ. ನೆಲಕ್ಕೆ ಬಿಟ್ಟಿದ್ದ ಸೈಕಲ್ಲನ್ನು ಎತ್ತಿ ನಿಲ್ಲಿಸಿದ. ಎಲ್ಲರೂ ನೋಡುತ್ತಿದ್ದರು, ನೋಡಲಿ.

"ಬೇಡ," ಎಂದ. "ನಾನು ಹಿಡ್ಯಲ್ಲ."